ವಿಚ್ಛೇದನವಾದರೂ ಬೆನ್ನು ಬಿಡದ ತೆರಿಗೆ ಬಾಕಿ: ಇಬ್ಬರಲ್ಲಿ ಯಾರ ಹೊಣೆ?

ಕುವೆಂಪುನಗರ ನಿವಾಸಿ

ಎಲ್ಲರಿಗೂ ನಮಸ್ಕಾರ. ಪರಸ್ಪರ ಒಪ್ಪಿಗೆಯ ಮೇಲೆ ಮೈಸೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ ನನಗೆ ವಿಚ್ಛೇದನದ ಡಿಕ್ರಿ ದೊರೆತಿದೆ. ಮದುವೆಯಾದ ಹೊಸತರಲ್ಲಿ ನಾವಿಬ್ಬರೇ ಪಾಲುದಾರರಾಗಿ ಊದುಬತ್ತಿ ಪ್ಯಾಕಿಂಗ್ ಮಾಡುವ ಒಂದು ಚಿಕ್ಕ ಸಂಸ್ಥೆಯನ್ನು ಆರಂಭಿಸಿದ್ದೆವು. ಲೆಕ್ಕಪತ್ರ, ರಿಟರ್ನ್, ಬ್ಯಾಂಕಿನ ವ್ಯವಹಾರ ಎಲ್ಲವನ್ನೂ ಆಗಿನ ನನ್ನ ಪತಿಯೇ ನೋಡಿಕೊಳ್ಳುತ್ತಿದ್ದರು. ಪ್ಯಾಕಿಂಗ್ ಮತ್ತು ಕೆಲಸದವರ ಮೇಲ್ವಿಚಾರಣೆ ನನ್ನದಾಗಿತ್ತು. ಮನೆ ಬಿಟ್ಟು ಬಂದ ದಿನದಿಂದ ನಾನು ಆ ವ್ಯವಹಾರದ ಕಡೆಗೆ ಹೋಗಿಲ್ಲ. ರಾಜಿ ಪತ್ರದಲ್ಲಿ “ಸಂಸ್ಥೆಗೆ ಸಂಬಂಧಿಸಿದ ಎಲ್ಲ ತೆರಿಗೆ ಬಾಕಿಗಳನ್ನು ಪತಿಯೇ ತೀರಿಸತಕ್ಕದ್ದು” ಎಂಬ ಸಾಲು ಸ್ಪಷ್ಟವಾಗಿ ಇದೆ, ನ್ಯಾಯಾಲಯವು ಅದನ್ನು ಡಿಕ್ರಿಯ ಭಾಗವಾಗಿಯೇ ಅಂಗೀಕರಿಸಿದೆ.

ಹೀಗಿರುವಾಗ ಸಂಸ್ಥೆಯ ಮೇಲೆ ಜಿಎಸ್‌ಟಿ ಬಾಕಿಯ ಆದೇಶವಾಗಿದ್ದು, ಬಡ್ಡಿ ಮತ್ತು ದಂಡ ಸೇರಿ ಸುಮಾರು ಆರು ಲಕ್ಷ ರೂಪಾಯಿಯನ್ನು ನಾನೂ ಕಟ್ಟಬೇಕಾದೀತೆಂದು ತಿಳಿದುಬಂದಿದೆ. ಇದಲ್ಲದೆ ಇಬ್ಬರ ಹೆಸರಿನಲ್ಲಿರುವ ಮನೆಯ ಕಂದಾಯ ಕೆಲವು ವರ್ಷಗಳಿಂದ ಬಾಕಿ ಇದೆ, ಮತ್ತು ಅವರ ಹೆಸರಿಗೆ ಬಂದ ಒಂದು ಆದಾಯ ತೆರಿಗೆ ಬೇಡಿಕೆಯೂ ಇದೆಯಂತೆ. ಡಿಕ್ರಿಯಲ್ಲಿ ಅಷ್ಟು ಸ್ಪಷ್ಟವಾಗಿ ಬರೆದಿರುವಾಗ ನನ್ನನ್ನು ಕೇಳಲು ಸಾಧ್ಯವೇ? ಬಲ್ಲವರು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಹೆಬ್ಬಾಳ ಎರಡನೇ ಹಂತ

ಮೇಡಂ, ನ್ಯಾಯಾಲಯದ ಆದೇಶಕ್ಕಿಂತ ದೊಡ್ಡದು ಯಾವುದಿದೆ? ಡಿಕ್ರಿಯ ಒಂದು ದೃಢೀಕೃತ ನಕಲನ್ನು ಇಲಾಖೆಗೆ ಕೊಟ್ಟುಬಿಡಿ, ಅಲ್ಲಿಗೆ ವಿಷಯ ಮುಗಿಯುತ್ತದೆ ಎಂದು ನನ್ನ ಭಾವನೆ.

ಮಂಡ್ಯದ ನಿವೃತ್ತ ಅಧಿಕಾರಿ

ಮೇಲಿನವರ ಮಾತು ಸಹಜವಾದದ್ದೇ ಆದರೂ ಅದನ್ನು ನಂಬಿ ಸುಮ್ಮನೆ ಕುಳಿತರೆ ಮೇಡಂ ಅವರಿಗೆ ಹಾನಿಯಾಗುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನಾನು ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು.

ಕೌಟುಂಬಿಕ ನ್ಯಾಯಾಲಯದ ಡಿಕ್ರಿ ಗಂಡ ಹೆಂಡತಿ ಇಬ್ಬರನ್ನು ಕಟ್ಟುತ್ತದೆ. ತೆರಿಗೆ ಇಲಾಖೆ ಆ ಮೊಕದ್ದಮೆಯಲ್ಲಿ ಪಕ್ಷಗಾರನಾಗಿರಲಿಲ್ಲವಾದ್ದರಿಂದ, ನಿಮ್ಮಿಬ್ಬರ ನಡುವಿನ ಒಪ್ಪಂದ ಅದರ ಹಕ್ಕನ್ನು ಕಿತ್ತುಕೊಳ್ಳಲಾರದು. ಪಾಲುದಾರಿಕೆ ಸಂಸ್ಥೆಯ ಜಿಎಸ್‌ಟಿ ಬಾಕಿಗೆ 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 90ನೇ ಕಲಮಿನ ಪ್ರಕಾರ ಸಂಸ್ಥೆಯೂ ಪ್ರತಿಯೊಬ್ಬ ಪಾಲುದಾರರೂ ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ ಹೊಣೆಗಾರರು. ಅಂದರೆ ಇಲಾಖೆ ಇಡೀ ಮೊತ್ತವನ್ನು ನಿಮ್ಮೊಬ್ಬರಿಂದಲೇ ಕೇಳಬಹುದು, ಅರ್ಧ ಮಾತ್ರ ನನ್ನದು ಎಂಬ ವಾದ ಅಲ್ಲಿ ನಡೆಯುವುದಿಲ್ಲ. ಪಾಲುದಾರರು ನಿವೃತ್ತರಾದರೆ ಆ ದಿನಾಂಕದವರೆಗಿನ ಬಾಕಿಗೆ ಮಾತ್ರ ಹೊಣೆ, ನಿಜ. ಆದರೆ ನಿವೃತ್ತಿಯಾದ ಒಂದು ತಿಂಗಳೊಳಗೆ ಅದನ್ನು ಲಿಖಿತವಾಗಿ ಆಯುಕ್ತರಿಗೆ ತಿಳಿಸಿರಬೇಕು. ತಿಳಿಸದಿದ್ದರೆ, ತಿಳಿವಳಿಕೆ ಪತ್ರ ಅವರ ಕೈಸೇರುವ ದಿನದವರೆಗೂ ಹೊಣೆ ಮುಂದುವರಿಯುತ್ತದೆ ಎಂದು ಅದೇ ಕಲಮು ಹೇಳುತ್ತದೆ. ಮನೆ ಬಿಟ್ಟು ಬಂದ ದಿನವನ್ನಾಗಲಿ ಡಿಕ್ರಿಯ ದಿನವನ್ನಾಗಲಿ ಕಾನೂನು ಇಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆದ್ದರಿಂದ ಮೇಡಂ, ನಿಮ್ಮನ್ನು ಕೇಳುವ ಮೊದಲ ಪ್ರಶ್ನೆ ಇದು: ಸಂಸ್ಥೆಯಿಂದ ಹೊರಬಂದ ವಿಷಯವನ್ನು ಯಾರಾದರೂ ಇಲಾಖೆಗೆ ಬರೆದು ತಿಳಿಸಿದ್ದಾರೆಯೇ?

ಕುವೆಂಪುನಗರ ನಿವಾಸಿ

ಇಲ್ಲ ಸರ್. ನೋಟಿಸುಗಳು ಕೂಡ ನನಗೆ ತಲುಪಿಲ್ಲ. ಜಿಎಸ್‌ಟಿ ಪೋರ್ಟಲ್‌ನಲ್ಲಿ (ಇಲಾಖೆಯ ಜಾಲತಾಣದಲ್ಲಿ) ಅವರ ಮೊಬೈಲ್ ಮತ್ತು ಇಮೇಲ್ ಮಾತ್ರ ಇದೆ. ಆದೇಶವಾದ ಮೇಲೆ ನಮ್ಮ ಹಳೆಯ ಲೆಕ್ಕಿಗರೊಬ್ಬರು ಹೇಳಿದ್ದರಿಂದ ಗೊತ್ತಾಯಿತು.

ಮಂಡ್ಯದ ನಿವೃತ್ತ ಅಧಿಕಾರಿ

ಹಾಗಾದರೆ ಮೊದಲು ಆದೇಶದ ದಿನಾಂಕವನ್ನು ನೋಡಿಕೊಳ್ಳಿ. ಮೇಲ್ಮನವಿಗೆ 107ನೇ ಕಲಮಿನಡಿ ಮೂರು ತಿಂಗಳ ಕಾಲಾವಕಾಶವಿದೆ. ಸಕಾರಣವಿದ್ದರೆ ಮೇಲ್ಮನವಿ ಪ್ರಾಧಿಕಾರವು ಇನ್ನೊಂದು ತಿಂಗಳ ವಿಳಂಬವನ್ನು ಮನ್ನಿಸಬಹುದು, ಅದರಾಚೆಗೆ ಅವರ ಕೈಯಲ್ಲಿ ಏನೂ ಇಲ್ಲ. ವಿವಾದಿತ ತೆರಿಗೆಯ ಶೇಕಡಾ 10ರಷ್ಟನ್ನು ಮುಂಗಡವಾಗಿ ಕಟ್ಟಬೇಕಾಗುತ್ತದೆ, ಮತ್ತು ಆ ಲೆಕ್ಕ ಬಡ್ಡಿ ದಂಡಗಳನ್ನು ಬಿಟ್ಟು ತೆರಿಗೆಯ ಮೇಲೆ ಮಾತ್ರ ಎಂಬುದನ್ನು ಗಮನಿಸಿ. ಪೋರ್ಟಲ್‌ನಲ್ಲಿ ಹಾಕಿದ ನೋಟಿಸನ್ನೂ ಕಾನೂನು ಜಾರಿಯಾದ ನೋಟಿಸೆಂದೇ ಒಪ್ಪುತ್ತದೆ. ಹೀಗಾಗಿ “ನನಗೆ ತಲುಪಿಲ್ಲ” ಎಂಬ ಮಾತು ವಿಳಂಬಕ್ಕೆ ಕಾರಣವಾಗಿ ನೆರವಾದೀತೇ ಹೊರತು ಆದೇಶವನ್ನು ತಾನಾಗಿ ರದ್ದುಪಡಿಸುವುದಿಲ್ಲ.

ಎರಡನೆಯದಾಗಿ, ಪಾಲುದಾರಿಕೆ ಪತ್ರ, ನಿಮ್ಮ ಪ್ಯಾನ್ ಮತ್ತು ಗುರುತಿನ ದಾಖಲೆಗಳೊಂದಿಗೆ ನಿಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಯನ್ನು ಕಂಡು, ನೀವೂ ಪಾಲುದಾರರೆಂದು ತೋರಿಸಿ, ಆದೇಶದ ಮತ್ತು ಅದಕ್ಕೆ ಹಿಂದಿನ ನೋಟಿಸುಗಳ ಪ್ರತಿಗಳನ್ನು ಲಿಖಿತ ಅರ್ಜಿ ಕೊಟ್ಟು ಪಡೆಯಿರಿ. ಅರ್ಜಿಯ ನಕಲಿನ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ಕಟ್ಟಲೇಬೇಕಾದ ಮೊತ್ತ ಎಂದಾದರೆ 80ನೇ ಕಲಮಿನಡಿ ಗರಿಷ್ಠ 24 ಮಾಸಿಕ ಕಂತುಗಳಿಗೆ ಅರ್ಜಿ ಹಾಕಬಹುದು. ಆದರೆ ರಿಟರ್ನ್‌ನಲ್ಲಿ ತಾವೇ ಘೋಷಿಸಿಕೊಂಡು ಕಟ್ಟದೆ ಬಿಟ್ಟ ತೆರಿಗೆಗೆ ಕಂತಿನ ಸೌಲಭ್ಯವಿಲ್ಲ. ಅಧಿಕಾರಿಗಳು ಪರಿಶೀಲಿಸಿ ಹೆಚ್ಚುವರಿಯಾಗಿ ನಿಗದಿಪಡಿಸಿದ ಬಾಕಿಗೆ ಮಾತ್ರ ಅದು ಸಿಗುತ್ತದೆ.

ಸರಸ್ವತಿಪುರಂ ವಕೀಲೆ

ನಿವೃತ್ತ ಅಧಿಕಾರಿಗಳು ಹೇಳಿದ್ದನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಅವರು ನಿವೃತ್ತಿ ಎಂದಿರುವುದಕ್ಕೆ ಇನ್ನೊಂದು ಮುಖ ಸೇರಿಸಬೇಕಾಗಿದೆ. ನಿಮ್ಮದು ಇಬ್ಬರೇ ಪಾಲುದಾರರ ಸಂಸ್ಥೆ. ಇಬ್ಬರಲ್ಲಿ ಒಬ್ಬರು ಹೊರಬಂದರೆ ಪಾಲುದಾರಿಕೆ ಎಂಬುದೇ ಉಳಿಯುವುದಿಲ್ಲ, ಏಕೆಂದರೆ ಕಾನೂನಿನ ಪ್ರಕಾರ ಪಾಲುದಾರಿಕೆಗೆ ಕನಿಷ್ಠ ಇಬ್ಬರಿರಬೇಕು. ಹಾಗಾಗಿ ನಿಮಗೆ ಬೇಕಾಗಿರುವುದು ವಿಸರ್ಜನೆ. ನಿಮ್ಮ ಪಾಲುದಾರಿಕೆ ಪತ್ರದಲ್ಲಿ ಅವಧಿಯನ್ನಾಗಲಿ, ಕೊನೆಗೊಳಿಸುವ ವಿಧಾನವನ್ನಾಗಲಿ ನಮೂದಿಸಿಲ್ಲದಿದ್ದರೆ ಅದು ಇಚ್ಛಾಧೀನ ಪಾಲುದಾರಿಕೆ ಎನಿಸುತ್ತದೆ, ಮತ್ತು 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 43ನೇ ಕಲಮಿನಂತೆ ನೀವೊಬ್ಬರೇ ಲಿಖಿತ ನೋಟಿಸ್ ಕೊಟ್ಟು ಅದನ್ನು ವಿಸರ್ಜಿಸಬಹುದು. ಅವರ ಸಹಿಗಾಗಿ ಕಾಯಬೇಕಾದ ಅಗತ್ಯವಿಲ್ಲ. ಎಷ್ಟೋ ಹೆಣ್ಣುಮಕ್ಕಳು “ಅವರು ಸಹಿ ಹಾಕುತ್ತಿಲ್ಲ” ಎಂದು ವರ್ಷಗಟ್ಟಲೆ ಕಾಯುತ್ತಾ ಬಾಕಿ ಬೆಳೆಯಲು ಬಿಡುವುದನ್ನು ಕಂಡು ನನಗೆ ಬಹಳ ನೋವಾಗುತ್ತದೆ.

ನೋಟಿಸನ್ನು ನೋಂದಾಯಿತ ಅಂಚೆಯಲ್ಲಿ ಕಳುಹಿಸಿದ ಮೇಲೆ ಸಾರ್ವಜನಿಕ ಪ್ರಕಟಣೆಯೂ ಆಗಬೇಕು. ಸಂಸ್ಥೆ ನೋಂದಣಿಯಾಗಿದ್ದರೆ ಸಂಸ್ಥೆಗಳ ನೋಂದಣಾಧಿಕಾರಿಗೆ ತಿಳಿಸುವುದು, ರಾಜ್ಯಪತ್ರದಲ್ಲಿ ಪ್ರಕಟಿಸುವುದು, ಹಾಗೂ ಜಿಲ್ಲೆಯಲ್ಲಿ ಪ್ರಸಾರವಿರುವ ಒಂದಾದರೂ ದೇಶಭಾಷೆಯ ಪತ್ರಿಕೆಯಲ್ಲಿ ಹಾಕಿಸುವುದು ಅಗತ್ಯ. ಈ ಪ್ರಕಟಣೆ ಆಗುವವರೆಗೆ ಸಂಸ್ಥೆಯ ಹೆಸರಿನಲ್ಲಿ ಅವರು ಮಾಡುವ ವ್ಯವಹಾರಕ್ಕೆ ಹೊರಗಿನವರ ಮುಂದೆ ನೀವೂ ಹೊಣೆಯಾಗುತ್ತೀರಿ. ಅದೇ ದಿನ ಜಿಎಸ್‌ಟಿ ಅಧಿಕಾರಿಗೂ ಪ್ರತಿ ಸಲ್ಲಿಸಿ. ಅವರು ವ್ಯವಹಾರ ಮುಂದುವರಿಸಲು ಬಯಸಿದರೆ ತಮ್ಮ ಸ್ವಂತ ಪ್ಯಾನ್ ಮೇಲೆ ಹೊಸ ನೋಂದಣಿ ಮಾಡಿಸಿಕೊಳ್ಳಲಿ.

ಇನ್ನು ಡಿಕ್ರಿಯಲ್ಲಿರುವ ಆ ಸಾಲು ವ್ಯರ್ಥವೆಂದು ದಯವಿಟ್ಟು ಭಾವಿಸಬೇಡಿ. ಇಲಾಖೆಯ ಮುಂದೆ ಅದು ನಡೆಯದಿದ್ದರೂ ಅವರ ಮುಂದೆ ನಡೆಯುತ್ತದೆ. ಅವರು ಕಟ್ಟಬೇಕಾದದ್ದನ್ನು ನೀವು ಕಟ್ಟಬೇಕಾಗಿ ಬಂದರೆ, ಪ್ರತಿ ಚಲನ್ನನ್ನೂ ಜೋಪಾನವಾಗಿಟ್ಟುಕೊಂಡು ಅದೇ ನ್ಯಾಯಾಲಯದಲ್ಲಿ ಅಮಲ್ಜಾರಿ ಅರ್ಜಿ (ಡಿಕ್ರಿಯನ್ನು ಜಾರಿಗೊಳಿಸಿ ಎಂದು ಕೋರುವ ಅರ್ಜಿ) ಹಾಕಿ ವಸೂಲಿಗೆ ಕೇಳಬಹುದು. ಇನ್ನೊಬ್ಬರು ಕೊಡಬೇಕಾದ ಹಣವನ್ನು ಹಿತಾಸಕ್ತಿಯುಳ್ಳವರು ಕಟ್ಟಿದಾಗ ಅದನ್ನು ಮರಳಿ ಪಡೆಯುವ ಹಕ್ಕನ್ನು 1872ರ ಕರಾರು ಕಾಯ್ದೆಯ 69ನೇ ಕಲಮೂ ಕೊಡುತ್ತದೆ.

ವಕೀಲರ ಖರ್ಚಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಸಂಪರ್ಕಿಸಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರಿಗೆ ಉಚಿತ ಕಾನೂನು ನೆರವು ಪಡೆಯಲು ಆದಾಯದ ಮಿತಿಯಿಲ್ಲ.

ಶ್ರೀರಂಗಪಟ್ಟಣದ ಅಣ್ಣ

ನನ್ನ ತಂಗಿಯ ವಿಷಯವನ್ನೂ ಇಲ್ಲಿಯೇ ಕೇಳುತ್ತೇನೆ, ಕ್ಷಮಿಸಿ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅವಳು ಹಾಕಿದ ಅರ್ಜಿ ಇನ್ನೂ ನ್ಯಾಯಾಲಯದಲ್ಲಿದೆ, ಡಿಕ್ರಿಗೆ ಮೊದಲು ಇಬ್ಬರೂ ಕೊಡಬೇಕಾದ ಎರಡನೇ ಹಂತದ ಹೇಳಿಕೆ ಆಗಬೇಕು. ಮೈಸೂರಿನಲ್ಲಿ ಇಬ್ಬರ ಹೆಸರಿನ ಮನೆಯಿದೆ. ಭಾವನವರ ಮೇಲೆ ದೊಡ್ಡ ಮೊತ್ತದ ಆದಾಯ ತೆರಿಗೆ ಬೇಡಿಕೆ ಬಂದಿದೆ. ಜೀವನಾಂಶದ ಬದಲಿಗೆ ತಮ್ಮ ಅರ್ಧ ಪಾಲನ್ನು ತಂಗಿಗೆ ಹಕ್ಕು ಖುಲಾಸೆ (ಪಾಲಿನ ಹಕ್ಕನ್ನು ಬಿಟ್ಟುಕೊಡುವ ಪತ್ರ) ಮಾಡಿಕೊಡುತ್ತೇನೆಂದು ಅವರು ಒಪ್ಪಿದ್ದಾರೆ. ಇಲಾಖೆಯವರು ಮನೆಗೆ ಕೈ ಹಾಕುವ ಮೊದಲೇ ಬೇಗ ನೋಂದಣಿ ಮಾಡಿಸಿ, ಬೇಕಿದ್ದರೆ ಆಮೇಲೆ ನನ್ನ ಹೆಸರಿಗೆ ದಾನಪತ್ರ ಮಾಡಿಸಿಬಿಡೋಣವೆಂದು ಮನೆಯಲ್ಲಿ ಹಿರಿಯರು ಹೇಳುತ್ತಿದ್ದಾರೆ. ಇದು ಸರಿಯೇ?

ಚಾಮುಂಡಿಪುರಂ ಲೆಕ್ಕಪರಿಶೋಧಕ

ಅಣ್ಣನವರೇ, ದಯವಿಟ್ಟು ಆತುರಪಡಬೇಡಿ. ಈ ಒಂದು ವಿಷಯದಲ್ಲಿ ಹಿರಿಯರ ಸಲಹೆಯಂತೆ ನಡೆದರೆ ನಿಮ್ಮ ತಂಗಿಯ ಮನೆಯೇ ಅಪಾಯಕ್ಕೆ ಸಿಕ್ಕುತ್ತದೆ.

ಮೊದಲು ಸಮಾಧಾನದ ಸಂಗತಿ. ನಮ್ಮ ದೇಶದಲ್ಲಿ ಗಂಡ ಹೆಂಡತಿ ಜಂಟಿಯಾಗಿ ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಪದ್ಧತಿಯಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಪ್ಯಾನ್, ಆ ಪ್ಯಾನ್ ಮೇಲಿನ ಬೇಡಿಕೆ ಆ ವ್ಯಕ್ತಿಯದು. ಭಾವನವರ ಬೇಡಿಕೆ ಕೇವಲ ಹೆಂಡತಿಯಾಗಿದ್ದ ಕಾರಣಕ್ಕೆ ನಿಮ್ಮ ತಂಗಿಯ ಮೇಲೆ ಬರುವುದಿಲ್ಲ, ಅವಳ ಸಂಬಳಕ್ಕಾಗಲಿ ಅವಳದೇ ಹಣದಿಂದ ಮಾಡಿದ ಠೇವಣಿಗಾಗಲಿ ಇಲಾಖೆ ಕೈ ಹಾಕುವಂತಿಲ್ಲ.

ಆದರೆ ಆಸ್ತಿ ಅವರ ಕೈಯಿಂದ ಇವಳ ಕೈಗೆ ಬಂದಾಗ ಚಿತ್ರ ಬದಲಾಗುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ 281ನೇ ಕಲಮಿನಂತೆ, ತೆರಿಗೆಯ ಕಾನೂನು ಪ್ರಕ್ರಿಯೆ ಬಾಕಿ ಇರುವಾಗ ತೆರಿಗೆದಾರನು ಆಸ್ತಿಯನ್ನು ಮಾರಿದರೆ, ಅಡವಿಟ್ಟರೆ, ದಾನ ಕೊಟ್ಟರೆ ಆ ವರ್ಗಾವಣೆ ಇಲಾಖೆಯ ಹಕ್ಕಿನ ಮಟ್ಟಿಗೆ ಶೂನ್ಯ. ಇದರಿಂದ ಪಾರಾಗಲು ಎರಡೇ ದಾರಿ: ಸಾಕಷ್ಟು ಪ್ರತಿಫಲಕ್ಕೆ (ತಕ್ಕ ಬೆಲೆಗೆ), ಬಾಕಿಯ ವಿಷಯ ತಿಳಿಯದೆ ಪಡೆದದ್ದಾಗಿರಬೇಕು, ಇಲ್ಲವೇ ತೆರಿಗೆ ನಿರ್ಧರಣಾ ಅಧಿಕಾರಿಯ ಪೂರ್ವಾನುಮತಿ ಇರಬೇಕು. ನಿಮ್ಮ ತಂಗಿಗೆ ಬೇಡಿಕೆಯ ವಿಷಯ ಈಗಾಗಲೇ ಗೊತ್ತಿರುವುದರಿಂದ ಮೊದಲನೆಯ ದಾರಿ ಮುಚ್ಚಿದೆ, ಉಳಿದಿರುವುದು ಪೂರ್ವಾನುಮತಿಯೊಂದೇ. ಇದಲ್ಲದೆ 222ನೇ ಕಲಮಿನ ವಿವರಣೆಯು, 1973ರ ಜೂನ್ 1ರ ನಂತರ ಸಾಕಷ್ಟು ಪ್ರತಿಫಲವಿಲ್ಲದೆ ಸಂಗಾತಿಗೆ ವರ್ಗಾಯಿಸಿದ ಆಸ್ತಿಯನ್ನು ಬಾಕಿದಾರನದೇ ಆಸ್ತಿಯೆಂದು ಭಾವಿಸಿ ವಸೂಲಿ ಮಾಡಲು ಅವಕಾಶ ಕೊಡುತ್ತದೆ. ಅಲ್ಲಿಂದ ನಿಮ್ಮ ಹೆಸರಿಗೆ ದಾನಪತ್ರ ಬರೆಸಿದರೆ ಬಾಕಿಯಿಂದ ತಪ್ಪಿಸಿಕೊಳ್ಳುವ ಉದ್ದೇಶ ಎಲ್ಲರ ಕಣ್ಣಿಗೂ ಕಾಣುವಂತಾಗುತ್ತದೆ.

ಆದ್ದರಿಂದ ಭಾವನವರೇ ಅಧಿಕಾರಿಗೆ ಅರ್ಜಿ ಸಲ್ಲಿಸಲಿ. ಬಾಕಿಯ ಒಂದು ಭಾಗವನ್ನು ಕಟ್ಟಿ, ಉಳಿದದ್ದಕ್ಕೆ ಬೇರೆ ಆಸ್ತಿಯ ಭದ್ರತೆ ತೋರಿಸಿದರೆ ಅನುಮತಿ ದೊರೆಯುವ ಸಾಧ್ಯತೆ ಹೆಚ್ಚು. ಬೇಡಿಕೆಯ ವಿರುದ್ಧ ಮೇಲ್ಮನವಿ ಹಾಕಿದ್ದಾರೆಯೇ ಎಂಬುದನ್ನೂ ಕೇಳಿ ತಿಳಿದುಕೊಳ್ಳಿ. ಮೇಲ್ಮನವಿ ಇದ್ದಾಗ ಸಾಮಾನ್ಯವಾಗಿ ವಿವಾದಿತ ಬೇಡಿಕೆಯ ಶೇಕಡಾ 20ರಷ್ಟನ್ನು ಕಟ್ಟಿಸಿಕೊಂಡು ಉಳಿದದ್ದಕ್ಕೆ ತಡೆ ಕೊಡುವ ಕ್ರಮ 2017ರಿಂದ ಇದೆ. ಸುಮ್ಮನಿದ್ದರೆ, ನೋಟಿಸಿನ 30 ದಿನಗಳ ನಂತರ ತಿಂಗಳಿಗೆ ಶೇಕಡಾ 1ರಂತೆ ಬಡ್ಡಿ ಬೆಳೆಯುತ್ತಲೇ ಹೋಗುತ್ತದೆ.

ಇಲ್ಲಿ ಒಂದು ಮಾತು ಸೇರಿಸಬೇಕು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, ಅದರಲ್ಲಿ ಕಲಮುಗಳ ಸಂಖ್ಯೆ ಬೇರೆ. ಹಿಂದಿನ ವರ್ಷಗಳ ಬೇಡಿಕೆಗಳು ಹಳೆಯ ಕಾಯ್ದೆಯಂತೆಯೇ ನಡೆಯುವುದರಿಂದ ನಾನು ಹಳೆಯ ಸಂಖ್ಯೆಗಳನ್ನೇ ಕೊಟ್ಟಿದ್ದೇನೆ.

ಸರಸ್ವತಿಪುರಂ ವಕೀಲೆ

ಶ್ರೀರಂಗಪಟ್ಟಣದ ಅಣ್ಣನವರಿಗೆ ಇನ್ನೊಂದು ಮಾತು. ಎರಡನೇ ಹೇಳಿಕೆ ಆಗದಿರುವುದು ನಿಮ್ಮ ತಂಗಿಯ ಪಾಲಿಗೆ ಅನುಕೂಲವೇ, ಏಕೆಂದರೆ ರಾಜಿಯ ಷರತ್ತುಗಳನ್ನು ಬದಲಿಸಿಕೊಳ್ಳಲು ಈಗಲೂ ಅವಕಾಶವಿದೆ. “ಎಲ್ಲ ತೆರಿಗೆಗಳನ್ನು ಪತಿಯೇ ಕಟ್ಟತಕ್ಕದ್ದು” ಎಂಬ ಒಂದೇ ಸಾಲಿಗೆ ತೃಪ್ತರಾಗಬೇಡಿ. ಯಾವ ತೆರಿಗೆ, ಯಾವ ವರ್ಷದ್ದು, ಯಾವ ಪ್ಯಾನ್ ಅಥವಾ ಯಾವ ಆಸ್ತಿ ಸಂಖ್ಯೆಗೆ ಸೇರಿದ್ದು, ಯಾವ ದಿನಾಂಕದೊಳಗೆ ಕಟ್ಟಬೇಕು, ಕಟ್ಟದಿದ್ದರೆ ಯಾವ ಠೇವಣಿಯಿಂದ ಅಥವಾ ಯಾವ ಆಸ್ತಿಯಿಂದ ಅದನ್ನು ವಸೂಲಿ ಮಾಡಿಕೊಳ್ಳಬಹುದು ಎಂಬುದನ್ನೆಲ್ಲ ಬರೆಸಿ. ಮುಂದೆ ಹೊಸದಾಗಿ ಹುಟ್ಟುವ ಬೇಡಿಕೆಗೂ ಅದು ಅನ್ವಯಿಸಬೇಕು. ಜೀವನಾಂಶದ ಪೂರ್ಣ ಮೊತ್ತವನ್ನು ಪಡೆದ ಮೇಲೆ ಪರಸ್ಪರ ಯಾವ ಹಕ್ಕೂ ಉಳಿದಿಲ್ಲ ಎಂಬ ಸಾಲು ಸಾಮಾನ್ಯವಾಗಿ ಎಲ್ಲ ರಾಜಿ ಪತ್ರಗಳ ಕೊನೆಯಲ್ಲಿ ಇರುತ್ತದೆ. ತೆರಿಗೆಯ ಭರವಸೆಯನ್ನು ಆ ಸಾಲಿನಿಂದ ಹೊರಗಿಡಿಸುವುದು ಅತ್ಯಂತ ಮುಖ್ಯ. ಇಲ್ಲದಿದ್ದರೆ ಮೇಲೆ ಕೊಟ್ಟದ್ದನ್ನು ಕೆಳಗಿನ ಸಾಲೇ ಕಸಿದುಕೊಂಡಂತಾಗುತ್ತದೆ.

ವಿಜಯನಗರ ಮೂರನೇ ಹಂತ

ಅಮೆರಿಕದಲ್ಲಿ ಕೆಲವು ವರ್ಷ ಇದ್ದು ಮೈಸೂರಿಗೆ ಹಿಂದಿರುಗಿದ ಹೆಣ್ಣುಮಕ್ಕಳು ಇಲ್ಲಿ ಅನೇಕರಿದ್ದಾರೆ. ನಾನೂ ಅವರಲ್ಲಿ ಒಬ್ಬಳಾದ್ದರಿಂದ ಅಲ್ಲಿನ ಕ್ರಮವನ್ನು ತಿಳಿಸುವುದು ಉಪಯುಕ್ತವೆಂದುಕೊಂಡೆ. ಲೆಕ್ಕಪರಿಶೋಧಕರು ಹೇಳಿದ ಸಮಾಧಾನದ ಸಂಗತಿ ಅಲ್ಲಿಗೆ ಅನ್ವಯಿಸುವುದಿಲ್ಲ. ಅಲ್ಲಿ ದಂಪತಿಗಳು ಜಂಟಿ ರಿಟರ್ನ್ ಸಲ್ಲಿಸಬಹುದು, ಮತ್ತು ಹಾಗೆ ಸಲ್ಲಿಸಿದ ವರ್ಷದ ಪೂರ್ತಿ ತೆರಿಗೆಗೆ ಇಬ್ಬರೂ ಪ್ರತ್ಯೇಕವಾಗಿ ಹೊಣೆ; ಹೆಂಡತಿಗೆ ಒಂದು ರೂಪಾಯಿ ಆದಾಯ ಇಲ್ಲದಿದ್ದರೂ ಇದು ತಪ್ಪುವುದಿಲ್ಲ. ವಿಚ್ಛೇದನದ ಆದೇಶವು ಆಂತರಿಕ ಕಂದಾಯ ಸೇವೆ ಎಂಬ ಅಲ್ಲಿನ ಇಲಾಖೆಯನ್ನೂ ಕಟ್ಟುವುದಿಲ್ಲ.

ಆದರೆ ನಮ್ಮಲ್ಲಿಲ್ಲದ ಒಂದು ಪರಿಹಾರ ಅಲ್ಲಿದೆ. ನಮೂನೆ 8857ರಲ್ಲಿ ಅರ್ಜಿ ಹಾಕಿ ಮೂರು ಬಗೆಯ ವಿನಾಯಿತಿ ಕೇಳಬಹುದು. ಸಂಗಾತಿ ಆದಾಯ ಮುಚ್ಚಿಟ್ಟ ಅಥವಾ ತಪ್ಪು ಕಡಿತ ತೋರಿಸಿದ ಕಾರಣ ತೆರಿಗೆ ಕಡಿಮೆ ಲೆಕ್ಕವಾಗಿದ್ದು, ಸಹಿ ಮಾಡುವಾಗ ಆ ವಿಷಯ ನಮಗೆ ತಿಳಿದಿರದೆ, ತಿಳಿಯಲು ಕಾರಣವೂ ಇರದಿದ್ದರೆ ಒಂದು ಬಗೆ. ವಿಚ್ಛೇದನವಾದವರಿಗೆ ಅಥವಾ ಕನಿಷ್ಠ 12 ತಿಂಗಳು ಬೇರೆ ವಾಸಿಸಿದವರಿಗೆ ಆ ಹೆಚ್ಚುವರಿ ತೆರಿಗೆಯನ್ನು ಇಬ್ಬರ ನಡುವೆ ಹಂಚಿಕೊಡುವುದು ಇನ್ನೊಂದು. ರಿಟರ್ನ್‌ನಲ್ಲಿ ಸರಿಯಾಗಿಯೇ ತೋರಿಸಿ ಹಣ ಮಾತ್ರ ಕಟ್ಟದೆ ಬಿಟ್ಟಿದ್ದರೆ ಈ ಎರಡೂ ಸಿಗುವುದಿಲ್ಲ, ಆಗ ನ್ಯಾಯದೃಷ್ಟಿಯ ಪರಿಹಾರ ಎಂಬ ಮೂರನೆಯದೊಂದೇ ದಾರಿ. ಮೊದಲ ಎರಡಕ್ಕೆ, ನಮ್ಮ ಮೇಲೆ ವಸೂಲಿಯ ಮೊದಲ ಕ್ರಮ ಆರಂಭವಾದಾಗಿನಿಂದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಮೈಸೂರಿನಲ್ಲಿರುವ ನಮಗೆ ತೊಡಕಾಗುವುದು ಇಲ್ಲಿಯೇ. ನೋಟಿಸುಗಳು ಅಮೆರಿಕದ ಹಳೆಯ ವಿಳಾಸಕ್ಕೆ ಹೋಗುತ್ತಿರುತ್ತವೆ, ಅಲ್ಲಿ ಅವರು ಅದನ್ನು ತೆರೆದು ನೋಡುತ್ತಾರೋ ಇಲ್ಲವೋ, ನಮ್ಮ ಗಡುವು ಮಾತ್ರ ಕರಗುತ್ತಿರುತ್ತದೆ. ಹಾಗಾಗಿ ಮೊದಲು ನಮೂನೆ 8822ರಲ್ಲಿ ವಿಳಾಸ ಬದಲಾವಣೆ ತಿಳಿಸಿ, ಜಂಟಿ ರಿಟರ್ನ್ ಸಲ್ಲಿಸಿದ ಪ್ರತಿ ವರ್ಷದ ಖಾತೆಯ ಪ್ರತಿಯನ್ನೂ ತರಿಸಿಕೊಳ್ಳಿ. ಅರ್ಜಿ ಹಾಕಿದ ಸಂಗತಿಯನ್ನು ಇಲಾಖೆಯು ಮಾಜಿ ಪತಿಗೆ ಕಡ್ಡಾಯವಾಗಿ ತಿಳಿಸುತ್ತದೆ ಎಂಬುದೂ ಗೊತ್ತಿರಲಿ, ಏಕೆಂದರೆ ದೌರ್ಜನ್ಯದಿಂದ ಪಾರಾಗಿ ಬಂದವರು ಇದಕ್ಕೆ ಮನಸ್ಸನ್ನು ಸಿದ್ಧಪಡಿಸಿಕೊಂಡಿರಬೇಕು.

ಕುವೆಂಪುನಗರ ನಿವಾಸಿ

ಎಲ್ಲರಿಗೂ ಹೃದಯಪೂರ್ವಕ ವಂದನೆಗಳು. ಆದೇಶದ ಪ್ರತಿ ದೊರೆತಿದೆ, ಮೇಲ್ಮನವಿಗೆ ಇನ್ನೂ ಸಮಯವಿದೆ. ಪಾಲುದಾರಿಕೆ ಪತ್ರದಲ್ಲಿ ಅವಧಿ ನಮೂದಿಸಿಲ್ಲವಾದ್ದರಿಂದ ವಿಸರ್ಜನೆಯ ನೋಟಿಸ್ ಸಿದ್ಧಪಡಿಸುತ್ತಿದ್ದೇವೆ. ಉಳಿದದ್ದು ಮನೆ ಕಂದಾಯ. ಅವರ ಪಾಲಿನ ಅರ್ಧವನ್ನು ಅವರೇ ಕಟ್ಟಲಿ, ನನ್ನ ಅರ್ಧವನ್ನು ನಾನು ಕಟ್ಟುತ್ತೇನೆಂದರೆ ಪಾಲಿಕೆ ಒಪ್ಪುತ್ತದೆಯೇ? ಅವರ ಆದಾಯ ತೆರಿಗೆಗಾಗಿ ನಮ್ಮ ಹಳೆಯ ಜಂಟಿ ಬ್ಯಾಂಕ್ ಖಾತೆಯನ್ನು ತಡೆಹಿಡಿಯಬಹುದೇ?

ಮಂಡ್ಯದ ನಿವೃತ್ತ ಅಧಿಕಾರಿ

ಮನೆ ಕಂದಾಯದ ಹೊರೆ ಆಸ್ತಿಯ ಮೇಲೆಯೇ ಇರುತ್ತದೆ ಮೇಡಂ. ಮಾಲೀಕರು ಎಷ್ಟು ಮಂದಿಯಿದ್ದರೂ ಪಾಲಿಕೆಗೆ ಅದು ಒಂದೇ ಖಾತೆ, ಒಂದೇ ಬಾಕಿ. ನಮ್ಮ ಮಂಡ್ಯದ ನಗರಸಭೆಯಲ್ಲಿಯೂ ಕ್ರಮ ಹೀಗೆಯೇ. ತಡವಾದ ಕಂದಾಯಕ್ಕೆ ತಿಂಗಳಿಗೆ ಶೇಕಡಾ 2ರಂತೆ ದಂಡ ಬೀಳುತ್ತದೆ, ಅಂದರೆ ವರ್ಷಕ್ಕೆ ಶೇಕಡಾ 24. ಇಷ್ಟು ದುಬಾರಿಯಾದ ಬಾಕಿಯನ್ನು ಹಠಕ್ಕಾಗಿ ಬೆಳೆಸುವುದು ಬೇಡವೆಂಬುದು ನನ್ನ ಕಳಕಳಿಯ ಸಲಹೆ. ನಿಮ್ಮ ವಲಯ ಕಚೇರಿಯಲ್ಲಿ ಪೂರ್ತಿ ಕಟ್ಟಿ, ರಸೀದಿಯ ನಕಲನ್ನು ಲಗತ್ತಿಸಿ ಅವರಿಗೆ ಅರ್ಧ ಮೊತ್ತ ಕೇಳಿ ನೋಟಿಸ್ ಕಳುಹಿಸಿ. ಮುಂದಿನ ವರ್ಷದ್ದನ್ನು ಏಪ್ರಿಲ್‌ನಲ್ಲಿಯೇ ಕಟ್ಟಿದರೆ ಶೇಕಡಾ 5ರ ರಿಯಾಯಿತಿಯೂ ಸಿಗುತ್ತದೆ. ಮನೆಯನ್ನು ಮಾರುವುದಾದರೆ ಮಾರಾಟದ ಹಣದಲ್ಲಿ ಮೊದಲು ಇದನ್ನು ಸರಿಹೊಂದಿಸಿಕೊಳ್ಳಿ.

ಚಾಮುಂಡಿಪುರಂ ಲೆಕ್ಕಪರಿಶೋಧಕ

ಜಂಟಿ ಖಾತೆಯ ವಿಷಯಕ್ಕೆ ಉತ್ತರ: ತಡೆಹಿಡಿಯಬಹುದು. 1961ರ ಆದಾಯ ತೆರಿಗೆ ಕಾಯ್ದೆಯ 226ನೇ ಕಲಮಿನ ಮೂರನೇ ಉಪಕಲಮಿನಂತೆ ಇಲಾಖೆ ನೇರವಾಗಿ ಬ್ಯಾಂಕಿಗೇ ನೋಟಿಸ್ ಕೊಟ್ಟು ಬಾಕಿದಾರನ ಹಣವನ್ನು ಕೇಳಬಹುದು, ಮತ್ತು ಜಂಟಿ ಖಾತೆಯಲ್ಲಿ ಬೇರೆ ರೀತಿ ಸಾಬೀತಾಗುವವರೆಗೆ ಇಬ್ಬರ ಪಾಲೂ ಸಮಾನವೆಂದು ಭಾವಿಸಲಾಗುತ್ತದೆ. ಅದರಲ್ಲಿರುವುದು ನಿಮ್ಮ ಸಂಬಳದ ಅಥವಾ ತವರಿನಿಂದ ಬಂದ ಹಣವೇ ಆಗಿದ್ದರೆ ಅದನ್ನು ತೋರಿಸುವ ಪಾಸ್‌ಬುಕ್ ಮತ್ತು ಜಮೆಯ ವಿವರಗಳನ್ನು ಈಗಲೇ ಬ್ಯಾಂಕಿನಿಂದ ಪಡೆದಿಟ್ಟುಕೊಳ್ಳಿ. ನಿಮ್ಮ ಹೆಸರೊಂದರಲ್ಲೇ ಹೊಸ ಖಾತೆ ತೆರೆದು ಮುಂದಿನ ಜಮೆಗಳೆಲ್ಲ ಅಲ್ಲಿಗೆ ಬರುವಂತೆ ಮಾಡಿ. ನಿಮ್ಮದೇ ಪ್ಯಾನ್‌ನ ಇ-ಫೈಲಿಂಗ್ ಖಾತೆಗೆ ಅವರ ಮೊಬೈಲ್ ಸಂಖ್ಯೆ ಜೋಡಿಸಿದ್ದರೆ ಇಂದೇ ಅದನ್ನು ಬದಲಿಸಿ, ಗುಪ್ತಪದವನ್ನೂ ಬದಲಿಸಿ, ಬಾಕಿ ಬೇಡಿಕೆಗಳ ಪುಟವನ್ನು ಒಮ್ಮೆ ತೆರೆದು ನೋಡಿ. ಹಿಂದಿನ ವರ್ಷಗಳಲ್ಲಿ ನಿಮ್ಮ ಹೆಸರಿನಲ್ಲಿ ಅವರು ಸಲ್ಲಿಸಿದ ರಿಟರ್ನ್‌ಗಳ ಹೊಣೆ ಕಾನೂನಿನ ಕಣ್ಣಿನಲ್ಲಿ ನಿಮ್ಮದೇ ಆಗಿರುವುದರಿಂದ, ಅವುಗಳ ಪ್ರತಿಗಳನ್ನೂ ವಾರ್ಷಿಕ ಮಾಹಿತಿ ವಿವರಣೆಯನ್ನೂ (ನಿಮ್ಮ ಆದಾಯ, ವ್ಯವಹಾರಗಳ ಬಗ್ಗೆ ಇಲಾಖೆಯ ಬಳಿ ಇರುವ ಪಟ್ಟಿ, ಎಐಎಸ್) ಇಳಿಸಿಕೊಂಡು ತಾಳೆ ಹಾಕಿ. ಆದಾಯ ಕಡಿಮೆ ತೋರಿಸಿದ್ದು ಕಂಡುಬಂದರೆ, ಸಂಬಂಧಪಟ್ಟ ನಿರ್ಧರಣಾ ವರ್ಷ (ಆದಾಯ ಗಳಿಸಿದ ವರ್ಷದ ಮುಂದಿನ ವರ್ಷ) ಮುಗಿದ 48 ತಿಂಗಳೊಳಗೆ ಹೆಚ್ಚುವರಿ ತೆರಿಗೆ ಕಟ್ಟಿ ನವೀಕೃತ ರಿಟರ್ನ್ ಸಲ್ಲಿಸುವ ಅವಕಾಶ ನಿಮಗಿದೆ. ತಡವಾದಷ್ಟೂ ಆ ಹೆಚ್ಚುವರಿ ಶೇಕಡಾ 25ರಿಂದ 70ರವರೆಗೆ ಏರುತ್ತದೆ, ಮತ್ತು ಇಲಾಖೆಯೇ ಮೊದಲು ನೋಟಿಸ್ ಕೊಟ್ಟರೆ ಈ ದಾರಿ ಇನ್ನಷ್ಟು ಕಷ್ಟವಾಗುತ್ತದೆ. ಆದ್ದರಿಂದ ಜಿಎಸ್‌ಟಿ ಮೇಲ್ಮನವಿಯ ಓಡಾಟದ ಜೊತೆಯಲ್ಲಿಯೇ ಇದನ್ನೂ ನೋಡಿಕೊಳ್ಳಿ.